ಕುವೈತ್‌ನಲ್ಲಿ ಮಗಳನ್ನು ಈಜು ಕ್ಲಾಸಿಗೆ ಸೇರಿಸಲು ಎಷ್ಟು ಅರೇಬಿಕ್ ಬೇಕು?

ಕೋಟದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಜಿಲ್ಲೆಯ ಕೋಟದವಳು. ಗಂಡ ಕುವೈತ್‌ನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾರೆ. ನಮ್ಮ ವೀಸಾ ಆಗಿದೆ, ದೀಪಾವಳಿ ಕಳೆದ ಮೇಲೆ ಮಗಳನ್ನು ಕರೆದುಕೊಂಡು ಹೊರಡುತ್ತೇನೆ. ಮಗಳಿಗೆ 7 ವರ್ಷ. ಇಲ್ಲಿ ಕೆರೆಯಲ್ಲಿ ಮಾವನ ಜೊತೆ ಈಜು ಕಲಿಯುತ್ತಿದ್ದಾಳೆ, ನೀರು ಕಂಡರೆ ಬಿಡುವವಳಲ್ಲ. ಅಲ್ಲಿ ಹೋದ ಕೂಡಲೇ ಅವಳನ್ನು ಈಜು ಕ್ಲಾಸಿಗೆ ಸೇರಿಸಬೇಕು. ನಾನೂ ಹೆಂಗಸರ ಜಿಮ್ಮಿಗೆ ಸೇರಬೇಕು ಅಂತ ಇದ್ದೇನೆ.

ಅಲ್ಲಿ ಇಂಗ್ಲಿಷ್ ನಡೆಯುತ್ತದೆ, ಹಿಂದಿಯೂ ನಡೆಯುತ್ತದೆ, ಸುಮ್ನೆ ಯಾಕೆ ತಲೆಬಿಸಿ ಅಂತ ಗಂಡ ಹೇಳುತ್ತಾರೆ. ಇರಬಹುದು. ಆದರೆ ನನ್ನ ಅಮ್ಮನಿಗೆ ಓದು ಕಮ್ಮಿ. ಬ್ಯಾಂಕಿಗೆ ಹೋದರೆ ಚಲನ್ ಹಿಡಿದುಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಯಾರಾದರೂ ಪರಿಚಯದವರು ಬಂದರೆ "ಸ್ವಲ್ಪ ಬರೆದು ಕೊಡ್ತೀರಾ" ಅಂತ ಕೇಳುತ್ತಿದ್ದರು. ಪಕ್ಕದಲ್ಲಿ ಸೆರಗು ಹಿಡಿದು ನಿಂತವಳು ನಾನು. ನನ್ನ ಮಗಳು ನನ್ನನ್ನು ಹಾಗೆ ನೋಡುವುದು ಬೇಡ. ಕೌಂಟರಿನಲ್ಲಿ ನಾನೇ ಮಾತಾಡಬೇಕು.

ಮೊಬೈಲ್ ಆ್ಯಪ್‌ನಲ್ಲಿ "ಉರೀದು ಅನ್ ಅಶ್ತರಿಕ" ಅಂತ ಕಲಿತೆ, ನಾನು ಮೆಂಬರ್ ಆಗಬೇಕು ಅಂತ ಅರ್ಥ. ಅದನ್ನು ಕೇಳಿ ಗಂಡನ ಸ್ನೇಹಿತರು, ಅಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಅಂದರು. ಹಾಗಾದರೆ ಹೇಗೆ ಮಾತಾಡುವುದು? ಅವರು ಎಂತ ಕೇಳುತ್ತಾರೆ, ನಾನು ಎಂತ ಹೇಳಬೇಕು? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಇನ್ನು ಎರಡು ತಿಂಗಳು ಉಂಟು.

ತೊಕ್ಕೊಟ್ಟಿನವ

ತಂಗಿ, ಕುವೈತ್‌ನ ಸಾಲ್ಮಿಯಾದಲ್ಲಿ ಒಂದು ಹೆಲ್ತ್ ಕ್ಲಬ್ಬಿನ ಕೌಂಟರಿನಲ್ಲಿ ನಾನು 11 ವರ್ಷ ಕೂತಿದ್ದೇನೆ. ಫಾರಂ ತುಂಬಿಸುವುದು, ಹಣ ತೆಗೆದುಕೊಳ್ಳುವುದು, ಕಾರ್ಡ್ ಕೊಡುವುದು, ಅದೇ ನನ್ನ ಕೆಲಸ. ಹಾಗಾಗಿ ಕೌಂಟರಿನ ಒಳಗೆ ಕೂತವನಾಗಿ ಹೇಳುತ್ತೇನೆ.

ಆ್ಯಪ್ ಕಲಿಸಿದ್ದು ತಪ್ಪಲ್ಲ. ಅದು ಪುಸ್ತಕದ ಅರೇಬಿಕ್, ಟಿವಿ ವಾರ್ತೆಯ ಅರೇಬಿಕ್. ನೀವು ಹೇಳಿದರೆ ಅವರಿಗೆ ಅರ್ಥ ಆಗುತ್ತದೆ. ಆದರೆ ಅವರು ತಿರುಗಿ ಉತ್ತರ ಕೊಡುವುದು ಕುವೈತಿ ಮಾತಿನಲ್ಲಿ. ನಮ್ಮವರು ಅಲ್ಲೇ ನಿಂತುಬಿಡುವುದು. ಹಾಗಾಗಿ ಮೊದಲಿನಿಂದಲೇ ಅಲ್ಲಿನ ಮಾತು ಕಲಿಯಿರಿ.

"ಅಬಿ" ಅಂದರೆ ನನಗೆ ಬೇಕು. "ಅಬಿ ಅಶ್ತರಿಕ್" ಅಂದರೆ ನಾನು ಮೆಂಬರ್ ಆಗಬೇಕು. ಮಗಳಿಗಾದರೆ "ಅಬಿ ಅಸಜ್ಜಿಲ್ ಬಿಂತಿ", ನನ್ನ ಮಗಳ ಹೆಸರು ಬರೆಸಬೇಕು ಅಂತ. ಈಜಿಗೆ "ಸಿಬಾಹಾ". ಮೆಂಬರ್‌ಶಿಪ್ಪಿಗೂ ಅದರ ಫೀಸಿಗೂ ಕೌಂಟರಿನಲ್ಲಿ ಒಂದೇ ಶಬ್ದ, "ಇಶ್ತಿರಾಕ್". ಕಾರ್ಡಿನ ಮೇಲೆ "ಉದ್‌ವಿಯ್ಯ" ಅಂತ ಬರೆದಿರಬಹುದು, ಅದೂ ಮೆಂಬರ್‌ಶಿಪ್ಪೇ. ಆದರೆ ಬಾಯಲ್ಲಿ ಬರುವುದು ಇಶ್ತಿರಾಕ್. ಎಷ್ಟು ಅಂತ ಕೇಳಲು "ಬಿಚಮ್?". ಬೇರೆ ಅರಬರು "ಬಿಕಮ್" ಅನ್ನುತ್ತಾರೆ, ಕುವೈತಿಗಳ ಬಾಯಲ್ಲಿ ಆ ಕ ಚ ಆಗುತ್ತದೆ.

ಇನ್ನು ಎರಡು ಶಬ್ದ. ಇವು ನಮ್ಮ ಊರಿನವರಿಗೆ ಬೇಗ ಹಿಡಿಯುತ್ತವೆ. ನಾವು ಇಡೀ ದಿನ "ಉಂಟಾ? ಉಂಟು. ಇಲ್ಲ" ಅಂತ ಹೇಳುತ್ತೇವೆ ಅಲ್ವಾ? ಕುವೈತ್‌ನಲ್ಲಿ ಉಂಟು ಅಂದರೆ "ಅಕು", ಇಲ್ಲ ಅಂದರೆ "ಮಾಕು". ದುಬೈ ಕಡೆ ಇದಕ್ಕೇ "ಫೀ, ಮಾಫೀ" ಅನ್ನುವುದು. "ಅಕು ಖಸಮ್?" ಅಂದರೆ ರಿಯಾಯಿತಿ ಉಂಟಾ? "ಅಕು ಮುದರ್‍ರಿಬಾ?" ಅಂದರೆ ಲೇಡಿ ಟ್ರೈನರ್ ಇದ್ದಾರಾ? ಈ ಒಂದು ಶಬ್ದ ಇಟ್ಟುಕೊಂಡು ಅರ್ಧ ಕೆಲಸ ಮುಗಿಸಬಹುದು.

ಫಾರಂ ನೋಡಿ ಹೆದರಬೇಡಿ. ಅದರಲ್ಲಿನ ಎಷ್ಟೋ ಶಬ್ದ ನಿಮಗೆ ಆಗಲೇ ಗೊತ್ತುಂಟು, ನಮ್ಮ ತಾಲೂಕು ಕಚೇರಿಯಲ್ಲಿ ಕೇಳಿದ್ದೀರಿ. ನನಗೆ ಇದು ಹೊಳೆದದ್ದು ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ, ಸುಮ್ನೆ ಫಾರಂ ಓದುತ್ತಾ ಕೂತಿದ್ದಾಗ. ನಾನು ಬ್ಯಾರಿ. ಮದ್ರಸದಲ್ಲಿ ಓದಿದ್ದರಿಂದ ಅಕ್ಷರ ಗೊತ್ತಿತ್ತು. ಆದರೆ ನಾವು ಕಲಿತದ್ದು ಸ್ವರದ ಗುರುತು ಇರುವ ಅಕ್ಷರ, ಫಾರಂನಲ್ಲಿ ಆ ಗುರುತು ಇರುವುದಿಲ್ಲ. ಹಾಗಾಗಿ ಒಂದೊಂದೇ ಕೂಡಿಸಿ ಓದುತ್ತಿದ್ದೆ. "ತಾರೀಖ್" ಅಂತ ಬಂತು. ಅದು ನಮ್ಮ ತಾರೀಕು! "ರಕಮ್" ಬಂತು, ಅಂದರೆ ನಂಬರ್. ನಮ್ಮಲ್ಲಿ ಹಣದ ರಕಮು ಆಗಿದೆ, ಅಷ್ಟೇ ವ್ಯತ್ಯಾಸ. "ಮುದ್ದತ್ ಅಲ್ ಇಶ್ತಿರಾಕ್" ಅಂದರೆ ಮೆಂಬರ್‌ಶಿಪ್ಪಿನ ಅವಧಿ. ಸೊಸೈಟಿಯಲ್ಲಿ ಮುದ್ದತು ಠೇವಣಿ ಇಡುತ್ತೇವಲ್ಲ, ಅದೇ ಮುದ್ದತು. "ಬಾಕಿ" ಅಂದರೆ ಉಳಿದದ್ದು. "ಅಸಲ್" ಬೇಕು ಅಂದರೆ ಒರಿಜಿನಲ್ ಐಡಿ ತೋರಿಸಬೇಕು. ಈ ಶಬ್ದಗಳೆಲ್ಲ ಹಿಂದಿನ ಪಾರ್ಸಿ ಭಾಷೆಯ ದಫ್ತರಗಳ ಮೂಲಕ ನಮ್ಮ ಕಚೇರಿಗೆ ಬಂದು ಕನ್ನಡವೇ ಆಗಿಬಿಟ್ಟಿವೆ. ಅವತ್ತಿನಿಂದ ಆ ಫಾರಂ ನನಗೆ ಪರದೇಶದ್ದು ಅನ್ನಿಸಲೇ ಇಲ್ಲ.

ಆದರೆ ಎಲ್ಲವನ್ನೂ ಹಾಗೆ ನಂಬಬಾರದು. ನಮಗೆ ರದ್ದು ಅಂದರೆ ಕ್ಯಾನ್ಸಲ್. ಅರೇಬಿಕ್‌ನಲ್ಲಿ "ರದ್ದ್" ಅಂದರೆ ಉತ್ತರ. ಕ್ಯಾನ್ಸಲ್ ಮಾಡಲು "ಇಲ್ಗಾ" ಅನ್ನಬೇಕು. ಸಹಿಗೆ ಮೂಲವಾದ "ಸಹೀಹ್" ಅಂದರೆ ಅಲ್ಲಿ "ಸರಿ" ಅಂತ ಮಾತ್ರ. ಸೈನ್ ಮಾಡುವುದಕ್ಕೆ "ತವ್‌ಕೀ" ಅನ್ನುತ್ತಾರೆ. ಇನ್ನು ತಕರಾರು. ಜಿಮ್ಮಿನಲ್ಲಿ ಟ್ರೈನರ್ "ಅಶರ್ ತಕ್ರಾರಾತ್" ಅಂದರೆ ಹತ್ತು ಸಲ ಮಾಡಿ ಅಂತ. ಅಲ್ಲಿ ತಕ್ರಾರ್ ಅಂದರೆ ಮತ್ತೆ ಮತ್ತೆ ಮಾಡುವುದು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ನಮ್ಮಲ್ಲಿ ತಕರಾರು ಆಗಿರಬೇಕು!

ಅಂಕಿ ಮಾತ್ರ ಇಲ್ಲಿಂದಲೇ ಗಟ್ಟಿ ಮಾಡಿಕೊಂಡು ಹೋಗಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಮೂರು ತಿಂಗಳಿಗೆ ಎಷ್ಟು ಅಂತ ಗೋಡೆಯ ಬೋರ್ಡಿನಲ್ಲಿ ಬರೆದಿತ್ತು. ನಾನು 70 ದಿನಾರ್ ಅಂತ ಓದಿದೆ. ಮೂರು ಜನರಿಂದ 70 ತೆಗೆದುಕೊಂಡೆ. ನಾಲ್ಕನೆಯವರು ಬಿಳಿ ಗಡ್ಡದ ಹಿರಿಯರು. ಮಾತೇ ಆಡದೆ ನನ್ನ ಕೈ ಹಿಡಿದು ಬೋರ್ಡಿನ ಹತ್ತಿರ ಕರೆದುಕೊಂಡು ಹೋದರು. ಮೊದಲ ಅಂಕಿಯ ಮೇಲೆ ಬೆರಳಿಟ್ಟು "ಸಿತ್ತಾ" ಅಂದರು. ಎರಡನೆಯದರ ಮೇಲೆ ಇಟ್ಟು "ಖಮ್ಸಾ" ಅಂದರು. ಅದು 65! ಅಲ್ಲಿನ 6 ನೋಡಲು ನಮ್ಮ 7ರ ಹಾಗೆಯೇ. 5 ಅಂದರೆ ಒಂದು ಸಣ್ಣ ಉರುಟು, ನಮ್ಮ ಸೊನ್ನೆಯ ಹಾಗೆ. ಅವರ ಸೊನ್ನೆ ಬರೀ ಒಂದು ಚುಕ್ಕಿ. ಉಳಿದ ಮೂವರಿಗೂ ಫೋನ್ ಮಾಡಿ ತಲಾ 5 ದಿನಾರ್ ವಾಪಸ್ ಕೊಟ್ಟೆ. ಅವತ್ತು ರಾತ್ರಿ ರೂಮಿನಲ್ಲಿ ಕೂತು ಅಷ್ಟೂ ಅಂಕಿಗಳನ್ನು ನೂರು ಸಲ ಬರೆದೆ. ಒಂದು ಸಮಾಧಾನ ಉಂಟು. ಅಕ್ಷರ ಬಲದಿಂದ ಎಡಕ್ಕೆ ಓದಿದರೂ ಅಂಕಿಯನ್ನು ನಮ್ಮ ಹಾಗೆ ಎಡದಿಂದಲೇ ಓದುವುದು.

ಕೊನೆಗೆ, ಹಣ ಉಳಿಸುವ ಮಾತು. ಸಹಿ ಮಾಡುವ ಮೊದಲು "ತಜ್ದೀದ್ ತಿಲ್ಕಾಯಿ" ಅಂತ ಎಲ್ಲಾದರೂ ಉಂಟಾ ಅಂತ ಕೇಳಿ. ತಜ್ದೀದ್ ಅಂದರೆ ರಿನ್ಯೂವಲ್, ತಿಲ್ಕಾಯಿ ಅಂದರೆ ತನ್ನಿಂದ ತಾನೇ. ಅದು ಇದ್ದರೆ ನೀವು ಊರಿಗೆ ಬಂದು ಕೂತರೂ ಕಾರ್ಡಿನಿಂದ ಹಣ ಹೋಗುತ್ತಾ ಇರುತ್ತದೆ. ಬೇಡ ಅಂದರೆ "ಬಿದೂನ್ ತಜ್ದೀದ್ ತಿಲ್ಕಾಯಿ" ಅನ್ನಿ. "ಅಕು ತಜ್ಮೀದ್?" ಅಂತಲೂ ಕೇಳಿ. ತಜ್ಮೀದ್ ಅಂದರೆ ಮೆಂಬರ್‌ಶಿಪ್ ಸ್ವಲ್ಪ ದಿನ ನಿಲ್ಲಿಸಿಡುವುದು. ರಜೆಗೆ ಊರಿಗೆ ಬರುವ ನಮ್ಮಂಥವರಿಗೆ ಇದು ಬಹಳ ಮುಖ್ಯ. ಕುಂದಾಪುರದ ಅಡುಗೆಯವರೊಬ್ಬರು ಇದನ್ನು ಕೇಳದೆ ಎರಡು ತಿಂಗಳ ಹಣ ಕಳೆದುಕೊಂಡರು. ಅವರ ಮುಖ ನನಗೆ ಈಗಲೂ ನೆನಪುಂಟು.

ಶಿರ್ವದ ಸಿಸ್ಟರ್

ಕೋಟದ ಅಕ್ಕ, ನಾನು ಕುವೈತ್‌ನಲ್ಲಿ ನರ್ಸ್ ಆಗಿದ್ದೇನೆ. ಅಣ್ಣ ಹೇಳಿದ್ದೆಲ್ಲ ಸರಿ. ಹೆಂಗಸರಿಗೆ ಬೇಕಾದ ಒಂದೆರಡು ಮಾತು ಸೇರಿಸುತ್ತೇನೆ.

ಹೆಂಗಸರ ಹತ್ತಿರ ಮಾತಾಡುವಾಗ ಕುವೈತಿಯಲ್ಲಿ ಕೊನೆಗೆ "ಇಚ್" ಬರುತ್ತದೆ. "ಶ್ಲೋನಿಚ್?" ಅಂದರೆ ಹೇಗಿದ್ದೀರಿ. "ಶಿಸ್‌ಮಿಚ್?" ಅಂದರೆ ನಿಮ್ಮ ಹೆಸರೆಂತ. ಇದನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಮೊದಲ ಸಲ ಅದು ಹೆಸರು ಕೇಳಿದ್ದು ಅಂತಲೇ ನನಗೆ ಗೊತ್ತಾಗಲಿಲ್ಲ. ಕೌಂಟರಿನಲ್ಲಿ ಹೆಂಗಸರಿದ್ದರೆ "ಲವ್ ಸಮಹ್ತಿ" ಅಂತ ಶುರು ಮಾಡಿ, ಗಂಡಸರಿದ್ದರೆ "ಲವ್ ಸಮಹ್ತ್". ದಯವಿಟ್ಟು ಅಂತ ಅರ್ಥ. "ಅಬಿ ಅಶ್ತರಿಕ್" ಮಾತ್ರ ಯಾರು ಹೇಳಿದರೂ ಒಂದೇ.

ಮಗಳ ವಯಸ್ಸು ಕೇಳಿದರೆ "ಉಮುರ್ಹಾ ಸಬಾ ಸ್ನೀನ್". ಸಿವಿಲ್ ಐಡಿಯನ್ನು, ಅಂದರೆ ಅಲ್ಲಿನ ಗುರುತಿನ ಕಾರ್ಡನ್ನು, "ಬಿತಾಕಾ ಮದನಿಯ್ಯಾ" ಅನ್ನುತ್ತಾರೆ. ಅದರ ನಂಬರಿಗೆ 12 ಅಂಕಿ. 2000ಕ್ಕಿಂತ ಮೊದಲು ಹುಟ್ಟಿದವರದ್ದು 2ರಿಂದ ಶುರು, ಮಕ್ಕಳದ್ದು 3ರಿಂದ. ಆಮೇಲಿನ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ಹಾಗಾಗಿ ನಿಮ್ಮ ನಂಬರಿನಲ್ಲಿ ಮೊದಲ ಏಳು ಅಂಕಿ ಈಗಲೇ ನಿಮಗೆ ಗೊತ್ತುಂಟು. ಅದನ್ನೇ ಅರೇಬಿಕ್‌ನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ.

ಕ್ಲಾಸಿನ ದಿನಗಳನ್ನು ನೀವು ಕೇಳಿದರೆ ಅವರು "ಅಹದ್, ಥಲಾಥಾ, ಖಮೀಸ್" ಅನ್ನಬಹುದು, ಅಂದರೆ ಭಾನುವಾರ, ಮಂಗಳವಾರ, ಗುರುವಾರ. ವಾರದ ಹೆಸರು ಅಂದರೆ ಲೆಕ್ಕವೇ. ಭಾನುವಾರ ಒಂದು, ಸೋಮವಾರ ಎರಡು, ಹಾಗೆ ಗುರುವಾರ ಐದು. ರಜೆ ಶುಕ್ರವಾರ, ಶನಿವಾರ.

ಇನ್ನೊಂದು. ಸಾಮಾನು ತರಲು ಎಲ್ಲರೂ ಹೋಗುವುದು "ಜಮಯ್ಯಾ"ಕ್ಕೆ, ಅದು ಸಹಕಾರಿ ಸಂಘದ ಅಂಗಡಿ. ಬಿಲ್ ಮಾಡುವಾಗ ನಂಬರ್ ಕೇಳಿದರೆ ಗಾಬರಿ ಬೇಡ. ನಮ್ಮ ಹಾಲು ಡೈರಿಯ ಮೆಂಬರ್ ನಂಬರಿನ ಹಾಗೆ, ಅದು ಅಲ್ಲಿನ ಪ್ರಜೆಗಳ ಷೇರಿನ ನಂಬರ್. "ಮಾ ಇಂದಿ" ಅನ್ನಿ, ನನ್ನ ಹತ್ತಿರ ಇಲ್ಲ ಅಂತ.

ಕೋಟದ ಸೊಸೆ

ಅಣ್ಣ, ಸಿಸ್ಟರ್, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಎಲ್ಲವನ್ನೂ ಮಗಳ ಹಳೆ ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಮಾವ ಹಿಂದೆ ಗ್ರಾಮ ಪಂಚಾಯಿತಿಯಲ್ಲಿ ಗುಮಾಸ್ತರಾಗಿದ್ದವರು. ಮುದ್ದತು, ಬಾಕಿ, ಅಸಲು ಅಂತ ಓದಿ ಹೇಳಿದಾಗ ಅವರಿಗೆ ಆದ ಖುಷಿ ನೀವು ನೋಡಬೇಕಿತ್ತು. ಈಗ ಅವರೂ ಅಂಕಿ ಕಲಿಯುತ್ತಿದ್ದಾರೆ. ಮಗಳು ಅವರಿಗೆ ಪರೀಕ್ಷೆ ಮಾಡುತ್ತಾಳೆ.

ಒಂದು ಸಂಶಯ. ನಮ್ಮದು ಪೂಜಾರಿ ಅಂತ ಸರ್‌ನೇಮ್. ಅದನ್ನು ಅರೇಬಿಕ್‌ನಲ್ಲಿ ಹೇಗೆ ಬರೆಯುತ್ತಾರೆ? ನಾನೇ ಬರೆಯಬೇಕಾ?

ತೊಕ್ಕೊಟ್ಟಿನವ

ತಂಗಿ, ನೀವು ಬರೆಯುವುದು ಬೇಡ. ಸಿವಿಲ್ ಐಡಿಯಲ್ಲಿ ಅರೇಬಿಕ್‌ನಲ್ಲೂ ಹೆಸರು ಇರುತ್ತದೆ. ಫಾರಂನಲ್ಲಿಯೂ ಅದೇ ಕಾಗುಣಿತ ಇರಲಿ, ಇಲ್ಲದಿದ್ದರೆ ಆಮೇಲೆ ಎರಡೂ ತಾಳೆ ಆಗುವುದಿಲ್ಲ. ಅರೇಬಿಕ್‌ನಲ್ಲಿ ಪ ಅಕ್ಷರ ಇಲ್ಲ, ಅದಕ್ಕೆ ಬ ಹಾಕುತ್ತಾರೆ. ಹಾಗಾಗಿ ಕಾರ್ಡಿನಲ್ಲಿ "ಬೂಜಾರಿ" ಅಂತ ಇರುತ್ತದೆ. ಈಜು ಕ್ಲಾಸಿನವರು ಹೊರಗೆ ಬಂದು "ಬೂಜಾರಿ" ಅಂತ ಕರೆದರೆ ಅದು ನಿಮ್ಮ ಮಗಳನ್ನೇ. ಅವಳಿಗೆ ಮೊದಲೇ ಹೇಳಿಡಿ, ಕರೆದ ಕೂಡಲೇ ಕೈ ಎತ್ತಲಿ.