ಸಂಘಕ್ಕೆ ಬೇಕಾದರೆ ಸೇರು, ಟ್ರಂಕಿನ ಕಾಗದ ಮಾತ್ರ ಕೊಡಬೇಡ

ಮಗಳೇ, ಪುಣೆಯಿಂದ ನೀನು ಮನೆಯವರ ಗುಂಪಿಗೆ ಹಾಕಿದ ಸಂದೇಶವನ್ನು ಮೊಮ್ಮಗ ಈಗಷ್ಟೇ ಓದಿ ಹೇಳಿದ. ವಂಶಾವಳಿ ಸಂಘದವರು ಸದಸ್ಯರಾಗಿ ಎಂದು ಬೆನ್ನು ಹತ್ತಿದ್ದಾರೆ, ವಂತಿಗೆ ಕೇಳುತ್ತಾರೆ, ಮನೆಯ ಹಳೆಯ ಕಾಗದಗಳನ್ನೂ ಕೇಳುತ್ತಾರೆ, ಸೇರಲೋ ಬೇಡವೋ ಎಂದು ಕೇಳಿದ್ದೀಯ. ನಿನ್ನ ಕಾಕಾ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದ. ದೊಡ್ಡಣ್ಣನ ಕಾಲದಲ್ಲಿ ಮನೆಯ ಹುಟ್ಟು ಬರೆದಿಡುವ ವಹಿ ಕಳೆದುಹೋದದ್ದು ಅವನಿಗೇನು ಗೊತ್ತಿಲ್ಲವೇ? ಎಲ್ಲರಿಗೂ ಗೊತ್ತು. ಬಾಯಿ ಬಿಡುವವಳು ನಿನ್ನ ಅತ್ತೆ, ನಾನೊಬ್ಬಳೇ.

ಅಪ್ಪನ ವಹಿ, ಅದೇ ಕೆಂಪು ಬಟ್ಟೆಯ ರಟ್ಟಿನದು. ಮೊದಲಿನ ಹಾಳೆಗಳು ಮುತ್ಯಾನ ಕೈಬರಹ, ಎಲ್ಲ ಮೋಡಿ ಲಿಪಿ, ಮರಾಠಿ ಬರೆಯುತ್ತಿದ್ದ ಹಳೆಯ ಕೂಡುಬರಹ. 1956ರವರೆಗೆ ನಮ್ಮ ಸೀಮೆ ಮುಂಬಯಿ ಸರ್ಕಾರದ ಕೆಳಗಿತ್ತಲ್ಲ, ಹಳೆಯ ಲೆಕ್ಕಪತ್ರ ಎಷ್ಟೋ ಮೋಡಿಯಲ್ಲೇ ಇರುತ್ತಿತ್ತು. ಮುಂದಿನದು ಅಪ್ಪನ ಕನ್ನಡ. ನಿನ್ನ ಅಪ್ಪ ಹುಟ್ಟಿದ್ದನ್ನು ಹೇಗೆ ಬರೆದಿದ್ದರು ಗೊತ್ತೇ? "ಶುಕ್ರವಾರ, ಮೂಲಾ ನಕ್ಷತ್ರ, ಕುಸುಬೆ ಕೀಳುವ ದಿನ, ಹೊತ್ತು ಮುಳುಗಿದ ಮೇಲೆ ಗಂಡು." ಶಾಲೆಯಲ್ಲಿ ಮಾಸ್ತರರು ನಮ್ಮೆಲ್ಲರನ್ನೂ ಜೂನ್ 1ಕ್ಕೇ ಹುಟ್ಟಿಸಿಬಿಟ್ಟಿದ್ದರು. ಖರೆ ಹುಟ್ಟಿದ ದಿನ ಇದ್ದದ್ದು ಆ ವಹಿಯೊಂದರಲ್ಲೇ.

ಹೀಗೇ ಒಂದು ಸಂಘದವರು ಮನೆತನಗಳ ಪುಸ್ತಕ ಅಚ್ಚು ಹಾಕಿಸುತ್ತೇವೆ ಎಂದು ಬಂದರು. ಬಂದಾತ ಬಹಳ ಸಭ್ಯ. ಪಡಸಾಲೆಯಲ್ಲಿ ಕುಳಿತು ಹೋಳಿಗೆ ಉಂಡ, ಎಂಟು ದಿನದಲ್ಲಿ ತಂದುಕೊಡುತ್ತೇನೆ ಎಂದು ವಹಿಯನ್ನು ಕೈಚೀಲಕ್ಕೆ ಇಳಿಸಿದ. ಒಂದು ಚೀಟಿ ಬರೆಸಿಕೊಳ್ಳೋಣ ಎಂದು ನಾನು ಒಳಗಿನಿಂದ ಅಂದದ್ದಕ್ಕೆ ಅಣ್ಣನಿಗೆ ಸಿಟ್ಟು ಬಂತು. ಪುಸ್ತಕ ಬಂತು, ವಹಿ ಬರಲಿಲ್ಲ. ಕೆಲವು ವರ್ಷಗಳಲ್ಲಿ ಆತ ತೀರಿಕೊಂಡ. ಮಕ್ಕಳು ಮನೆ ಖಾಲಿ ಮಾಡುವಾಗ ಹಳೆಯ ಕಾಗದವನ್ನೆಲ್ಲ ರದ್ದಿಗೆ ಹಾಕಿದ್ದರಂತೆ. ಅವರನ್ನು ಬೈದು ಏನು ಮಾಡುವುದು, ಅದು ಯಾರ ಮನೆಯ ವಹಿ ಎಂದು ಅವರಿಗೇನು ಗೊತ್ತು?

ಅದಕ್ಕೇ ಹೇಳುತ್ತೇನೆ, ಮೂಲ ಕಾಗದ ಹೊಸ್ತಿಲು ದಾಟಬಾರದು.

ನಡುವಿನ ತಮ್ಮ ತೀರಿಹೋದಾಗ ವಹಿಯ ಬೆಲೆ ತಿಳಿಯಿತು. ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಆಗಲು, ವಂಶವೃಕ್ಷ ಬೇಕು. ಜಮೀನಿನ ಉತಾರದಲ್ಲಿ ಮುತ್ಯಾನಿಗೆ ಒಂದು ಹೆಸರು, ಶಾಲೆಯ ಕಾಗದದಲ್ಲಿ ಇನ್ನೊಂದು. ಇಬ್ಬರೂ ಒಬ್ಬನೇ ಎಂದು ಹೇಗೆ ತೋರಿಸುವುದು? ತಲಾಠಿ ವಹಿಯನ್ನು ಒಪ್ಪುತ್ತಿದ್ದನೋ ಇಲ್ಲವೋ, ಪಂಚರ ಮುಂದೆ ಇಡಲು ಏನಾದರೊಂದು ಇರುತ್ತಿತ್ತು. ಪಂಚನಾಮೆ, ಅಫಿಡವಿಟ್ ಎಂದು ನಿನ್ನ ಕಾಕು ಆ ಮೊಣಕಾಲು ನೋವಿನಲ್ಲೇ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದಳು. ಮೂಲ ಕಾಗದ ಹೊಸ್ತಿಲು ದಾಟಬಾರದು, ಎರಡನೇ ಸಲ ಹೇಳುತ್ತಿದ್ದೇನೆ, ಕಾಕಾನೂ ಕೇಳಿಸಿಕೊಳ್ಳಲಿ.

ಇಷ್ಟೆಲ್ಲ ಕಳೆದುಕೊಂಡು ಬಂದ ಪುಸ್ತಕವಾದರೂ ಹೇಗಿತ್ತು? ಗಂಡುಮಕ್ಕಳ ಹೆಸರು, ಅವರ ನೌಕರಿ, ಮೊಮ್ಮಕ್ಕಳ ಡಿಗ್ರಿ, ಎಲ್ಲ ಇದೆ. ನಾವು ಅಕ್ಕತಂಗಿಯರದು ಒಂದೇ ಸಾಲು: "ಮೂವರು ಹೆಣ್ಣುಮಕ್ಕಳು." ಹೆಸರೂ ಇಲ್ಲ. ಅದೇ ಪುಸ್ತಕಕ್ಕೆ ದೇಣಿಗೆ ಕೊಡಿ ಎಂದು ನನ್ನ ಗಂಡನ ಮನೆಗೆ ಬಂದಿದ್ದರು! ನಮ್ಮ ರಾಜ್ಯದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕಾಯ್ದೆಯಾಯಿತು, 2005ರಲ್ಲಿ ಇಡೀ ದೇಶಕ್ಕಾಯಿತು. ಆಮೇಲೆ ನೋಡು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಬೇಕಾದಾಗ ಮೂವರ ಹೆಸರೂ ತಪ್ಪಿಲ್ಲದೆ ನೆನಪಾದವು. ನಾನು ಸಹಿ ಮಾಡಿದೆನೋ ಇಲ್ಲವೋ, ಈ ಗುಂಪಿನಲ್ಲಿ ಮಾತಾಡುವುದಿಲ್ಲ. ನಿನ್ನ ಅಪ್ಪನನ್ನು ಕೇಳು.

ಇವರಿಗಿಂತ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ನಮ್ಮ ಹೆಳವನೇ ವಾಸಿ. ಎತ್ತಿನ ಗಂಟೆ ಕೇಳಿದರೆ ಸಾಕು, ಅವ್ವ ಮೊರಕ್ಕೆ ಜೋಳ ಸುರಿಯುತ್ತಿದ್ದಳು. ಕಟ್ಟೆಯ ಮೇಲೆ ಕುಳಿತು ತಲೆಮಾರುಗಳನ್ನು ಒಂದೇ ಉಸಿರಿಗೆ ಓದುತ್ತಿದ್ದ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಿದ್ದ, ಜೋಳ, ಬಟ್ಟೆ ಪಡೆದು ಹೋಗುತ್ತಿದ್ದ. ಬರೆದದ್ದು ತನ್ನ ಪುಸ್ತಕದಲ್ಲಿ. ನಮ್ಮ ವಹಿಯನ್ನು ಒಮ್ಮೆಯೂ ಕೇಳಲಿಲ್ಲ.

ಅಯ್ಯೋ, ನೀನು ಕೇಳಿದ್ದು ಸೇರಬೇಕೋ ಬೇಡವೋ ಎಂದಲ್ಲವೇ. ಸೇರು. ನಿನಗೆ ಆಸಕ್ತಿ ಇದೆ, ಓದಿದವಳು, ನಾಲ್ಕು ಜನರ ಪರಿಚಯವಾಗುತ್ತದೆ. ಆದರೆ ಆಜೀವ ಸದಸ್ಯತ್ವ ಬೇಡ, ಒಂದು ವರ್ಷಕ್ಕೆ ಕೊಡು. ಸಂಘ ನೋಂದಣಿ ಆಗಿದೆಯೇ, ವರ್ಷಕ್ಕೊಮ್ಮೆ ಸಭೆ ಕರೆದು ಲೆಕ್ಕ ಒಪ್ಪಿಸುತ್ತಾರೆಯೇ, ಹೋದ ವರ್ಷದ ವರದಿ ತೋರಿಸುತ್ತಾರೆಯೇ ಎಂದು ಕೇಳು. ಮುಖ ಸಿಂಡರಿಸಿದರೆ ಎದ್ದು ಬಾ. ಹಣಕ್ಕೆ ರಶೀದಿ ತೆಗೆದುಕೋ. ಕಾಗದದ್ದು ಫೋಟೊ ಕೊಡು, ಅಷ್ಟೇ. ತೀರಿಹೋದವರ ವಿವರ ಎಷ್ಟು ಬೇಕಾದರೂ ಬರೆ, ಬದುಕಿರುವವರದು ಹೆಸರು ಮಾತ್ರ. ಹುಟ್ಟಿದ ತಾರೀಖು, ಫೋನ್ ನಂಬರ್, ಆಧಾರ್ ಬೇಡವೇ ಬೇಡ. ತಾಯಿಯ ತವರಿನ ಅಡ್ಡಹೆಸರನ್ನು ಬ್ಯಾಂಕಿನವರೂ ಗುರುತಿಗಾಗಿ ಕೇಳುತ್ತಾರೆ, ಅದನ್ನು ಊರಿಗೆಲ್ಲ ಹಂಚಬೇಡ. ಅಚ್ಚಿಗೆ ಹೋಗುವ ಮೊದಲು ನಮ್ಮ ಹಾಳೆಯನ್ನು ನಮಗೆ ತೋರಿಸಬೇಕು ಎಂದು ಬರೆಸಿಕೋ. ಹೆಣ್ಣುಮಕ್ಕಳ ಹೆಸರಿಲ್ಲದಿದ್ದರೆ ಅಚ್ಚು ಬೇಡ ಎನ್ನು.

ಟ್ರಂಕಿನಲ್ಲಿ ಇನ್ನೂ ನಾಲ್ಕಾರು ಮೋಡಿ ಕಾಗದ ಉಳಿದಿವೆ. ನೀನು ಪುಣೆಯಲ್ಲಿದ್ದೀಯ, ಮೋಡಿ ಓದುವವರು ಅಲ್ಲಿ ಸಿಗುತ್ತಾರೆ, ವಿಚಾರಿಸು. ದೀಪಾವಳಿಗೆ ಬಂದಾಗ ಎದುರು ಕುಳಿತು ಫೋಟೊ ತೆಗೆ. ಟ್ರಂಕಿನ ಕೀಲಿ ನನ್ನ ಹತ್ತಿರವೇ ಇದೆ, ನಿನ್ನ ಅಪ್ಪನನ್ನು ಕೇಳಬೇಡ.