ಮೀನು ಸಿಕ್ಕ ಗಾಳದ ಕೋಲಿನ ಹಾಗೆ ಬಾಗುವ ಮಾಸ್ಟ್: ಬೈಕಿನಲ್ಲಿ ಒಯ್ಯಲು ಹಗುರವಾದದ್ದು ಯಾವುದು?

ಗುಡ್ಡದರೇಡಿಯೊ (ಬನಶಂಕರಿ)

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೊ ಲೈಸೆನ್ಸ್ ಬಂದು ಇನ್ನೂ ಒಂದು ವರ್ಷ ಆಗಿಲ್ಲ. ಭಾನುವಾರ ಬಂತೆಂದರೆ ಬೈಕ್ ಹತ್ತಿ ಊರಾಚೆ ಯಾವುದಾದರೂ ಗುಡ್ಡಕ್ಕೆ ಹೋಗಿ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಮಾತಾಡುತ್ತ ಕೂರುವುದು ನನ್ನ ಚಟ. ರೇಡಿಯೊ ಚಿಕ್ಕದು, ಬ್ಯಾಟರಿ ಚಿಕ್ಕದು. ತಲೆನೋವೆಲ್ಲ ಆಂಟೆನಾ ಎತ್ತಿ ಹಿಡಿಯುವ ಕಂಬದ್ದೇ, ಅಂದರೆ ಮಾಸ್ಟಿನದ್ದೇ.

ಮೊದಲು ತೆಗೆದುಕೊಂಡದ್ದು 7.2 ಮೀಟರಿನ ಮೀನು ಹಿಡಿಯುವ ಫೈಬರ್‌ಗ್ಲಾಸ್ ಕೋಲು. ಮಡಚಿದರೆ ಒಂದು ಮೀಟರ್ ಚಿಲ್ಲರೆ, ತೂಕ ಒಂದು ಕೆಜಿಗಿಂತ ಕಡಿಮೆ. ತುದಿಗೆ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ತಂತಿಗಳ ಆಂಟೆನಾ) ಕಟ್ಟಿ, ಎರಡೂ ತಂತಿಗಳನ್ನು ಕೆಳಕ್ಕೆ ಇಳಿಜಾರಾಗಿ ಎಳೆದು ಇನ್ವರ್ಟೆಡ್ ವಿ ಮಾಡಿದೆ. ರಾಮನಗರದ ಕಡೆ ಒಂದು ಬಂಡೆಯ ಮೇಲೆ ಎತ್ತಿ ನಿಲ್ಲಿಸಿದೆ ಅಷ್ಟೇ, ದೊಡ್ಡ ಮೀನು ಸಿಕ್ಕವರ ಹಾಗೆ ಬಾಗಿತು. ಸ್ವಲ್ಪ ಗಾಳಿ ಬೀಸಿದ್ದೇ ತಡ, ಒಂದೊಂದೇ ತುಂಡು ಪಟಪಟ ಅಂತ ಒಳಗೆ ಜಾರಿ ಅರ್ಧ ಎತ್ತರಕ್ಕೆ ಇಳಿಯಿತು. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ತೀರ್ಥಹಳ್ಳಿಯ ಮಾವನ ಮನೆಗೆ ಹೋದಾಗ ಅಡಿಕೆ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಕಣ್ಣಿಗೆ ಬಿತ್ತು. ಏನು ಹಗುರ, ಏನು ಗಟ್ಟಿ! ಇದೇ ಸರಿ ಅಂತ ಹಳೆಯದೊಂದನ್ನು ಬೇಡಿ ತಂದೆ. ಈ ಸಲ ಎಂಡ್-ಫೆಡ್ (ಒಂದು ಕೊನೆಯಲ್ಲಿ ಕೇಬಲ್ ಸೇರುವ, ಒಂದೇ ತಂತಿಯ ಆಂಟೆನಾ) ಹಾಕಿದೆ. 20 ಮೀಟರ್ ತಂತಿಯಲ್ಲಿ 9 ಮೀಟರನ್ನು ದೋಟಿಗೆ ಅಂಟಿಸಿ ಮೇಲಕ್ಕೆ, ಉಳಿದದ್ದನ್ನು ಹುಣಸೆ ಮರಕ್ಕೆ ಎಳೆದೆ. ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) 4ರ ಮೇಲೆ. ಅದೇ ತಂತಿಯನ್ನು ಅದೇ ಹುಣಸೆ ಮರದ ಕೊಂಬೆಗೆ ಎಸೆದಾಗ 1.5 ಇತ್ತು.

ಎರಡು ಪ್ರಶ್ನೆ. ದೋಟಿಯಲ್ಲಿ ಏನು ತಪ್ಪಾಯಿತು? ಬೈಕಿಗೆ ಕಟ್ಟಿಕೊಂಡು ಹೋಗಿ ಒಬ್ಬನೇ ಎತ್ತಿ ನಿಲ್ಲಿಸುವಂಥ, 2 ಕೆಜಿ ಒಳಗಿನ ಕಂಬ ಯಾವುದು ತೆಗೆದುಕೊಳ್ಳಲಿ?

ತಾಮ್ರದತಂತಿ

ದೋಟಿ ಪ್ರಶ್ನೆಗೆ ಉತ್ತರ ಸುಲಭ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತಾಮ್ರದಷ್ಟು ಚೆನ್ನಾಗಿ ಅಲ್ಲ, ಆದರೆ ಆಂಟೆನಾ ಕೆಡಿಸಲು ಅಷ್ಟು ಸಾಕು. ನೀವು 9 ಮೀಟರ್ ತಂತಿಯನ್ನು ಇನ್ನೊಂದು ವಾಹಕದ ಮೈಗೆ ಅಂಟಿಸಿದ್ದೀರಿ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ ಅನ್ನಬೇಡಿ. ಆರ್‌ಎಫ್‌ಗೆ, ಅಂದರೆ ರೇಡಿಯೊ ಸಿಗ್ನಲಿಗೆ, ಆ ಹೊದಿಕೆ ಲೆಕ್ಕಕ್ಕಿಲ್ಲ, ಎರಡರ ನಡುವೆ ಅದೊಂದು ಕೆಪಾಸಿಟರ್ ಅಷ್ಟೇ. ರೆಸೊನೆನ್ಸ್ (ಆಂಟೆನಾ ಸರಿಯಾಗಿ ಹೊಂದುವ ಫ್ರೀಕ್ವೆನ್ಸಿ) ಎಲ್ಲೋ ಹೋಗಿ ಕೂರುತ್ತದೆ, ಜೊತೆಗೆ ಪವರ್ ಸ್ವಲ್ಪ ದೋಟಿಯಲ್ಲೇ ಬಿಸಿಯಾಗಿ ಹೋಗುತ್ತದೆ.

ಮಲ್ಟಿಮೀಟರ್ ಇಟ್ಟು ನೋಡಿದೆ, ಏನೂ ತೋರಿಸಲಿಲ್ಲ ಅಂತ ಕೆಲವರು ಹೇಳುತ್ತಾರೆ. ಮೇಲೆ ಎಪಾಕ್ಸಿ ಪದರ ಇರುತ್ತದೆ, ತೋರಿಸುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಮರಳು ಕಾಗದದಿಂದ ಉಜ್ಜಿ ನೋಡಿ, ಆಗ ಗೊತ್ತಾಗುತ್ತದೆ.

ಡೈಪೋಲಿನ ನಡುವನ್ನು ಮಾತ್ರ ಎತ್ತಿ ಹಿಡಿಯುವುದಕ್ಕೆ ದೋಟಿ ಪರವಾಗಿಲ್ಲ. ಎರಡೂ ಕಾಲುಗಳು ಕಂಬದಿಂದ ದೂರ ಹೋಗುತ್ತವೆ, ಪರಿಣಾಮ ಕಡಿಮೆ. ಆದರೆ ಬೈಕಿನಲ್ಲಿ ಹೋಗುವವರಿಗೆ ಅದು ಹೇಗೂ ಉದ್ದ ಜಾಸ್ತಿ, ಅಲ್ವಾ? ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಮಾವನಿಗೆ ವಾಪಸ್ ಕೊಟ್ಟುಬಿಡಿ.

ಇನ್ನು ಮೀನಿನ ಕೋಲು. ಯಾವ ಕೋಆಕ್ಸ್ (ರೇಡಿಯೊದಿಂದ ಆಂಟೆನಾಗೆ ಹೋಗುವ ಕೇಬಲ್) ಹಾಕಿದ್ದಿರಿ? ಕೋಆಕ್ಸನ್ನು ಡೈಪೋಲಿಗೆ ಹೊಂದಿಸುವ ಬಾಲನ್ ಇತ್ತಾ? ಅದು ಹೇಳದೆ ಕೋಲನ್ನು ಬೈಯಬೇಡಿ.

ಗುಡ್ಡದರೇಡಿಯೊ

ಆರ್‌ಜಿ-213. ದಪ್ಪ ಕೇಬಲ್, ಸಿಗ್ನಲ್ ಲಾಸ್ ಕಡಿಮೆ ಅಂತ ಎಸ್‌ಪಿ ರೋಡಿನಲ್ಲಿ ಹುಡುಕಿ ತಂದದ್ದು. ಬಾಲನ್ ನಾನೇ ಸುತ್ತಿದ್ದು, ಟಿಫಿನ್ ಡಬ್ಬಿಯಲ್ಲಿದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, 310 ಗ್ರಾಂ.

ಹಳೇವಾಲ್ವ್ (ಮಲ್ಲೇಶ್ವರ)

ತಮ್ಮಾ, ರೋಗ ಸಿಕ್ಕಿತು. ಆರ್‌ಜಿ-213 ಮೀಟರಿಗೆ ಸುಮಾರು 150 ಗ್ರಾಂ ತೂಗುತ್ತದೆ. 7 ಮೀಟರ್ ಎತ್ತರದಿಂದ ಇಳಿಬಿಟ್ಟರೆ ಒಂದು ಕೆಜಿ ಆಯಿತು. ಅದಕ್ಕೆ ಟಿಫಿನ್ ಡಬ್ಬಿ ಸೇರಿಸು. ಅದನ್ನೆಲ್ಲ ನೀನು ನೇತುಹಾಕಿದ್ದು ಪೆನ್ಸಿಲಿಗಿಂತ ತೆಳ್ಳಗಿನ ತುದಿಗೆ. ಕಂಬ ಎಷ್ಟು ಹಗುರ ಅಂತ ಎಲ್ಲರೂ ಕೇಳುತ್ತಾರೆ, ತುದಿಯಲ್ಲಿ ಎಷ್ಟು ತೂಗುತ್ತಿದೆ ಅಂತ ಯಾರೂ ಕೇಳುವುದಿಲ್ಲ.

ಒಳಗೆ ಜಾರಿದ್ದಕ್ಕೂ ಅದೇ ಕಾರಣ. ಈ ಕೋಲುಗಳ ಕೀಲುಗಳಲ್ಲಿ ಸ್ಕ್ರೂ ಇಲ್ಲ, ಕ್ಲಿಪ್ ಇಲ್ಲ. ಒಂದರೊಳಗೊಂದು ಬಿಗಿಯಾಗಿ ಕೂತಿರುತ್ತವೆ, ಅಷ್ಟೇ ಆಧಾರ. ಮೇಲಿಂದ ಒತ್ತಿದರೆ ಜಾರಲೇಬೇಕು. ಇನ್ವರ್ಟೆಡ್ ವಿ ನೆಟ್ಟಗೆ ಕಾಣಲಿ ಅಂತ ನೀನು ಎರಡೂ ಕಾಲುಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತೀಯ. ಆ ಎಳೆತವೂ ಕಂಬವನ್ನು ಕೆಳಕ್ಕೇ ಒತ್ತುತ್ತದೆ.

ಲಾಸ್ ಚಿಂತೆ ಬಿಡು. 7 ಮೆಗಾಹರ್ಟ್ಸ್‌ನಲ್ಲಿ 10 ಮೀಟರ್ ಆರ್‌ಜಿ-58, ಅಂದರೆ ತೆಳು ಕೇಬಲ್, ತಿನ್ನುವುದು ಹೆಚ್ಚುಕಡಿಮೆ 0.4 ಡಿಬಿ. ಸಿಗ್ನಲ್ ಎಷ್ಟು ಜೋರು ಅಂತ ಅಳೆಯುವ ಒಂದು ಎಸ್ ಯೂನಿಟ್ ಅಂದರೆ 6 ಡಿಬಿ. ಆ ಕಡೆ ಕೇಳುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆರ್‌ಜಿ-58ರ ತೂಕ ಮೀಟರಿಗೆ 40 ಗ್ರಾಮಿನ ಆಸುಪಾಸು. ದಪ್ಪ ಕೇಬಲ್ ಮನೆಯಲ್ಲಿರಲಿ, ಇನ್ನೂ ಮೇಲಿನ ಫ್ರೀಕ್ವೆನ್ಸಿಯ ವಿಎಚ್‌ಎಫ್‌ಗೆ ಬೇಕಾಗುತ್ತದೆ.

ನನ್ನನ್ನು ಕೇಳಿದರೆ ಬಿದಿರೇ ಬೆಸ್ಟು. ನಮ್ಮ ಕಾಲದಲ್ಲಿ ಬಂಬೂ ಬಜಾರಿನಿಂದ ಒಂದು ಗಳ ತಂದು ಟೆರೇಸಿನಲ್ಲಿ ನಿಲ್ಲಿಸಿದರೆ ವರ್ಷಗಟ್ಟಲೆ ಬರುತ್ತಿತ್ತು.

ಟೆರೇಸ್‌ಹ್ಯಾಮ್ (ಎಚ್‌ಎಸ್‌ಆರ್ ಲೇಔಟ್)

ಹಳೇವಾಲ್ವ್ ಸರ್, ಬಿದಿರನ್ನು ಬೈಕಿಗೆ ಕಟ್ಟಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ತೋರಿಸಿ, ಆಮೇಲೆ ಮಾತಾಡೋಣ.

ಟೆರೇಸಿಗೆ ಮಾತ್ರ ಬಿದಿರು ಒಳ್ಳೆಯದೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಅಲ್ಯೂಮಿನಿಯಂ ಕಂಬ ನಿಲ್ಲಿಸಿದಾಗ ಅಸೋಸಿಯೇಷನ್ ಸೆಕ್ರೆಟರಿ ಓಡಿ ಬಂದು "ಮೊಬೈಲ್ ಟವರಾ?" ಅಂತ ಕೇಳಿದ್ದರು. ಬಿದಿರು ನಿಲ್ಲಿಸಿದ ಮೇಲೆ ಯಾರೂ ಕೇಳಿಲ್ಲ, ಬಟ್ಟೆ ಒಣಹಾಕಲು ಅಂದುಕೊಂಡಿರಬೇಕು.

ತಾಮ್ರದತಂತಿ

ಈಗ ಎರಡನೇ ಪ್ರಶ್ನೆಗೆ ಬರುತ್ತೇನೆ. ನನ್ನ ಅಭಿಪ್ರಾಯ: ಹೊಸದೇನೂ ಬೇಡ, ಸದ್ಯಕ್ಕೆ ಇರುವ ಕೋಲನ್ನೇ ಸರಿಯಾಗಿ ಬಳಸಿ. ಅದು ನಿಜವಾಗಿ ಫೈಬರ್‌ಗ್ಲಾಸ್ ಹೌದಾ ಅಂತ ಮಾತ್ರ ಖಚಿತ ಮಾಡಿಕೊಳ್ಳಿ. ಮೀನಿನ ಕೋಲುಗಳಲ್ಲಿ ಕಾರ್ಬನ್ ಬೆರೆಸಿದವೂ ಇರುತ್ತವೆ.

ಆ ಕೋಲಿಗೆ ಎಂಡ್-ಫೆಡ್ ಹಾಕಿ. ಕೋಆಕ್ಸನ್ನು ತಂತಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ ನೆಲದ ಹತ್ತಿರ ಇರಲಿ. ತಂತಿಯ ಮಧ್ಯಭಾಗವನ್ನು ಕೋಲಿನ ತುದಿಗೆ ಸಿಕ್ಕಿಸಿ, ಆ ಕಡೆ ಕೊನೆಯನ್ನು ದಾರ ಕಟ್ಟಿ ಮರಕ್ಕೋ ಕಲ್ಲಿಗೋ ಎಳೆಯಿರಿ. ಹಗುರವಾಗಿ ಎಳೆಯಿರಿ, ತಂತಿ ಸ್ವಲ್ಪ ಜೋತುಬಿದ್ದರೂ ತೊಂದರೆ ಇಲ್ಲ. ಅರ್ಧ ಚದರ ಮಿ.ಮೀ. ತಂತಿ 20 ಮೀಟರಿಗೆ 150-160 ಗ್ರಾಂ ಬರುತ್ತದೆ. ಕೋಆಕ್ಸ್ ನೆಲದಲ್ಲೇ ಉಳಿಯಿತು, ಬಾಲನ್ ಡಬ್ಬಿಯೂ ಕೆಳಗಿಳಿಯಿತು. ಒಂದೂಕಾಲು ಕೆಜಿಗೂ ಹೆಚ್ಚು ಹೊರುತ್ತಿದ್ದ ತುದಿಗೆ ಈಗ ಬರೀ ತಂತಿಯ ಭಾರ. ಒಂದು ಎಚ್ಚರಿಕೆ. ತಂತಿಯ ಎರಡೂ ಕೊನೆಗಳಲ್ಲಿ ವೋಲ್ಟೇಜ್ ಜಾಸ್ತಿ. ಆ ಕಡೆಯ ಕೊನೆ ಮಕ್ಕಳು, ಕುರಿ, ಅಜ್ಜ ಯಾರ ಕೈಗೂ ಸಿಗದ ಹಾಗೆ ಎತ್ತರದಲ್ಲಿರಲಿ, ಟ್ರಾನ್ಸ್‌ಫಾರ್ಮರ್ ಕಡೆಯದನ್ನೂ ಯಾರೂ ಮುಟ್ಟದಿರಲಿ.

ತುದಿಯ ಎರಡು ತುಂಡುಗಳನ್ನು ಹೊರಗೆ ತೆಗೆದು ಮನೆಯಲ್ಲಿ ಬಿಡಿ. ಒಂದೂವರೆ ಮೀಟರ್ ಹೋಯಿತು ಅಂತ ಬೇಜಾರು ಬೇಡ. ನೆಟ್ಟಗೆ ನಿಂತ ಐದೂಮುಕ್ಕಾಲು ಮೀಟರ್, ಬಾಗಿ ನಿಂತ ಏಳಕ್ಕಿಂತ ಮೇಲು. 40 ಮೀಟರ್ ಬ್ಯಾಂಡಿನಲ್ಲಿ ಕಾಲು ತರಂಗದ ಎತ್ತರವೇ ಹತ್ತೂವರೆ ಮೀಟರ್. 6ರಲ್ಲಿದ್ದರೂ 7ರಲ್ಲಿದ್ದರೂ ಸಿಗ್ನಲ್ ಬಹುಪಾಲು ನೆತ್ತಿಯ ಕಡೆಗೇ ಹೋಗಿ ಮೇಲಿನ ವಾತಾವರಣಕ್ಕೆ ತಗುಲಿ ಹತ್ತಿರದಲ್ಲೇ ಕೆಳಗೆ ಬೀಳುತ್ತದೆ. ಹಗಲಿನಲ್ಲಿ ಕರ್ನಾಟಕ, ಕೇರಳ, ತಮಿಳುನಾಡು ಮಾತಾಡಲು ಅದೇ ಬೇಕಾದದ್ದು. ಯುರೋಪ್ ಬೇಕೆಂದರೆ 20 ಮೀಟರ್ ಬ್ಯಾಂಡಿಗೆ ಹೋಗಿ, ಇದೇ ತಂತಿ ಅಲ್ಲೂ ನಡೆಯುತ್ತದೆ.

ಮುಂದೆ ದುಡ್ಡು ಖರ್ಚು ಮಾಡುವ ಮನಸ್ಸಾದರೆ 10 ಮೀಟರಿನ ಫೈಬರ್‌ಗ್ಲಾಸ್ ಕೋಲು ತೆಗೆದುಕೊಂಡು ಅದನ್ನು 8 ಮೀಟರಿಗೆ ಬಳಸಿ. ಕೊಳ್ಳುವಾಗ ಪೂರ್ತಿ ಉದ್ದ ನೋಡುವ ಮುಂಚೆ ಮಡಚಿದ ಉದ್ದ ನೋಡಿ. ಬೈಕಿನ ಹಿಂದೆ ಅಡ್ಡ ಕಟ್ಟಿಕೊಂಡು ಪಕ್ಕದವರ ಕನ್ನಡಿ ಒಡೆಯುವುದು ಬೇಡ.

ಹಳೇವಾಲ್ವ್

ಎಲ್ಲ ಸರಿ, ಹಗ್ಗ ಯಾರು ಹೇಳುತ್ತಾರೆ? ಆಷಾಢದ ಗಾಳಿಗೆ ನಮ್ಮೂರಲ್ಲಿ ಗಾಳಿಪಟವೇ ದಾರ ಕಿತ್ತುಕೊಂಡು ಹೋಗುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪದ 7 ಮೀಟರ್ ಕೋಲು ಅಂತ ಇಟ್ಟುಕೋ. ಗಂಟೆಗೆ 36 ಕಿಲೋಮೀಟರ್ ಗಾಳಿ ಅದನ್ನು ಒಟ್ಟು 1.3 ಕೆಜಿ ತೂಕದಷ್ಟು ತಳ್ಳುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ತಳ್ಳುವುದು ನಾಲ್ಕರಷ್ಟು, ಐದು ಕೆಜಿ ದಾಟುತ್ತದೆ. ಕಲ್ಲಿಗೆ ಒರಗಿಸಿ ನಿಲ್ಲಿಸಿದರೆ ನಿಲ್ಲುವುದಿಲ್ಲ.

ಮೂರು ಗೈ ಹಗ್ಗ (ಕಂಬವನ್ನು ಸುತ್ತಲಿನ ಗೂಟಗಳಿಗೆ ಬಿಗಿಯುವ ಹಗ್ಗ), ಸಮ ಅಂತರದಲ್ಲಿ. ಅರ್ಧಕ್ಕಿಂತ ಸ್ವಲ್ಪ ಮೇಲೆ, ಕೋಲು ಇನ್ನೂ ದಪ್ಪ ಇರುವ ಕಡೆ ಕಟ್ಟು. ತೆಳ್ಳಗಿನ ತುಂಡಿಗೆ ಕಟ್ಟಿದರೆ ಹಗ್ಗವೇ ಅದನ್ನು ಮುರಿಯುತ್ತದೆ. ಮೂರೂವರೆ ಮೀಟರಿನಲ್ಲಿ ಕಟ್ಟಿದರೆ ಗೂಟ ಎರಡೂವರೆ ಮೀಟರ್ ದೂರ ಇರಲಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಜಾಸ್ತಿ. ಪಾಲಿಯೆಸ್ಟರ್ ಹಗ್ಗ ಕೇಳಿ ತಗೋ.

ಟೆರೇಸ್‌ಹ್ಯಾಮ್

ಹಗ್ಗ ಕಟ್ಟುವ ಬಳೆಗೆ ನನ್ನ ಉಪಾಯ: ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ. ಅಂಗೈಯಷ್ಟು ತುಂಡು ಕೊಯ್ದು ನಡುವೆ ಕೋಲು ತೂರುವಷ್ಟು ತೂತು, ಸುತ್ತ ಮೂರು ಚಿಕ್ಕ ತೂತು. ನಡುವಿನ ತೂತನ್ನು ಮೇಲಿನ ತುಂಡಿನ ಅಳತೆಗೆ ಕೊರೆಯಿರಿ. ಆಗ ಮಣೆ ಕೆಳಗಿನ ತುಂಡಿನ ಅಂಚಿನ ಮೇಲೆ ಕೂರುತ್ತದೆ, ಜಾರುವುದಿಲ್ಲ. ಮಣೆ ಹೊಸದು ಕೊಂಡರೆ ಮನೆಯಲ್ಲಿ ಜಗಳ ಕಡಿಮೆ.

ಬಂಡೆಯ ಮೇಲೆ ಗೂಟ ಹೊಡೆಯಲು ಆಗುವುದಿಲ್ಲ. ಮೂರು ಖಾಲಿ ಬಟ್ಟೆ ಚೀಲ ಒಯ್ಯಿರಿ, ಅಲ್ಲೇ ಕಲ್ಲು ತುಂಬಿಸಿ ಹಗ್ಗ ಕಟ್ಟಿ. ಇಳಿಯುವಾಗ ಕಲ್ಲು ಅಲ್ಲೇ ಚೆಲ್ಲಿ ಬನ್ನಿ. ನಂದಿ ಬೆಟ್ಟಕ್ಕೆ ಹೋಗುವ ಯೋಚನೆ ಇದ್ದರೆ ಚೀಲದಲ್ಲಿ ತಿಂಡಿ ಇಡಬೇಡಿ. ಅಲ್ಲಿನ ಕೋತಿಗಳಿಗೆ ಚೀಲ ಯಾವುದಾದರೂ ಒಂದೇ, ನನ್ನ ಗೈ ಹಗ್ಗ ಬಿಚ್ಚಿದ್ದು ಗಾಳಿಯಲ್ಲ.

ತಾಮ್ರದತಂತಿ

ಕೀಲು ಜಾರುವುದಕ್ಕೆ ಇನ್ನೊಂದು ಮಾತು. ಎತ್ತುವ ಮುಂಚೆ ಪ್ರತಿ ತುಂಡನ್ನೂ ಒಣ ಬಟ್ಟೆಯಿಂದ ಒರೆಸಿ. ಧೂಳಿದ್ದರೆ ಹಿಡಿತ ಸಿಗುವುದಿಲ್ಲ. ಎಣ್ಣೆ ಹಾಕಲೇಬೇಡಿ. ತುದಿಯಿಂದ ಶುರು ಮಾಡಿ ಒಂದೊಂದಾಗಿ ಎಳೆಯಿರಿ, ಎಳೆದು ಸ್ವಲ್ಪ ತಿರುಗಿಸಿ. ಕೀಲಿನ ಮೇಲೆ ಇನ್ಸುಲೇಷನ್ ಟೇಪ್ ಎರಡು ಸುತ್ತು. ಹೋಸ್ ಕ್ಲಿಪ್ ಹಾಕಿ ಬಿಗಿ ಮಾಡುವವರೂ ಇದ್ದಾರೆ. ಹುಷಾರಾಗಿ ಮಾಡದಿದ್ದರೆ ಕೋಲು ಸೀಳುತ್ತದೆ, ನಾನು ಒಂದನ್ನು ಹಾಗೆ ಕಳೆದುಕೊಂಡೆ.

ಮತ್ತೆ, ಕರೆಂಟ್ ಲೈನ್ ನೋಡಿ. ಕಂಬದ ಎತ್ತರದ ಎರಡರಷ್ಟು ದೂರದ ಒಳಗೆ ಲೈನ್ ಇದ್ದರೆ ಅಲ್ಲಿ ಎತ್ತಬೇಡಿ, ಫೈಬರ್‌ಗ್ಲಾಸ್ ಆದರೂ ಸರಿ. ಕೋಲಿಗೆ ಶಾಕ್ ಹೊಡೆಯದೆ ಇರಬಹುದು, ತಂತಿ ತಗುಲುತ್ತದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿತೆಂದರೆ ಮಾತು ಅರ್ಧದಲ್ಲೇ ನಿಲ್ಲಿಸಿ ಇಳಿಸಿ. ಗುಡ್ಡದ ಮೇಲೆ ಎಲ್ಲಕ್ಕಿಂತ ಎತ್ತರ ಇರುವುದು ನೀವೇ.

ಗುಡ್ಡದರೇಡಿಯೊ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ದೋಟಿ ಮಾವನಿಗೆ ತಲುಪಿತು. "ರೇಡಿಯೊದಲ್ಲಿ ಅಡಿಕೆ ರೇಟ್ ಬಂತಾ?" ಅಂತ ಕೇಳಿದರು.

ಮೀನಿನ ಕೋಲಿನ ತುದಿಯ ಎರಡು ತುಂಡು ತೆಗೆದೆ. ಎಂಡ್-ಫೆಡ್, ಮೂರು ಹಗ್ಗ, ಮೂರು ಕಲ್ಲಿನ ಚೀಲ. ಮಣೆ ಹೊಸದನ್ನೇ ಕೊಂಡೆ. ಒಬ್ಬನೇ ನಿಲ್ಲಿಸಲು ಮೊದಲ ಸಲ ಅರ್ಧ ಗಂಟೆ ಹಿಡಿಯಿತು, ಎರಡನೇ ಸಲ ಹನ್ನೆರಡು ನಿಮಿಷ. ಎರಡು ಹಗ್ಗಗಳನ್ನು ಮೊದಲೇ ಅಳತೆಗೆ ಕಟ್ಟಿಟ್ಟು ಮೂರನೆಯದನ್ನು ಕೈಯಲ್ಲಿ ಹಿಡಿದು ಎತ್ತಿದರೆ ಸುಲಭ ಅಂತ ಗೊತ್ತಾಯಿತು. 7.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯೂಆರ್ 1.6. ಹುಬ್ಬಳ್ಳಿ ಮತ್ತು ಕೊಚ್ಚಿಯ ಸ್ಟೇಷನ್‌ಗಳು ಚೆನ್ನಾಗಿ ಕೇಳಿದವು. ಗಾಳಿ ಜೋರಾಗಿಯೇ ಇತ್ತು, ಕೋಲು ಅಲ್ಲಾಡಿತು, ಇಳಿಯಲಿಲ್ಲ.

ಹೊಸ ತೊಂದರೆ ಈಗ ಉಲ್ಟಾ. ಬಿಸಿಲಿನಲ್ಲಿ ಮೂರು ಗಂಟೆ ನಿಂತ ಮೇಲೆ ಕೆಳಗಿನ ಎರಡು ತುಂಡು ಒಂದಕ್ಕೊಂದು ಕಚ್ಚಿಕೊಂಡವು. ಮಡಚಲು ಆಗದೆ ಅಷ್ಟುದ್ದ ಕೋಲನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿದೆ. ಏನು ಮಾಡಲಿ?

ಹಳೇವಾಲ್ವ್

ಪ್ಲೈಯರ್ ಹಾಕಿ ತಿರುಗಿಸಬೇಡ, ಸೀಳಿ ಹೋಗುತ್ತದೆ. ರಾತ್ರಿ ತಂಪಿನಲ್ಲಿ ಬಿಡು. ಬೆಳಗ್ಗೆ ಒಳಗಿನ ತುಂಡಿಗೆ ತಣ್ಣೀರಿನ ಬಟ್ಟೆ ಸುತ್ತು, ಹೊರಗಿನ ತುಂಡಿನ ಕೀಲನ್ನು ಅಂಗೈಯಿಂದ ಉಜ್ಜಿ ಬೆಚ್ಚಗೆ ಮಾಡು. ಆಮೇಲೆ ನೆಟ್ಟಗೆ ಹಿಡಿದು, ಒಳಗಿನ ತುಂಡಿನ ಮೇಲ್ತುದಿಯನ್ನು ಮರದ ಹಲಗೆಗೆ ಮೆಲ್ಲಗೆ ಕುಟ್ಟು. ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಭಾನುವಾರ ಮಲ್ಲೇಶ್ವರಕ್ಕೆ ತಗೊಂಡು ಬಾ, ಇಬ್ಬರು ಹಿಡಿದು ತಿರುಗಿಸೋಣ. ಟಿಫಿನ್ ಡಬ್ಬಿಯ ಬಾಲನ್ ಕೂಡ ತಾ, ಎಷ್ಟು ಸುತ್ತು ಹಾಕಿದ್ದೀಯ ನೋಡಬೇಕು. 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).