ಅಪ್‌ಡೇಟ್: ಸಂಗೀತ ಪತ್ರಿಕೆ ಸಮೀಕ್ಷೆ ಏನಾಯ್ತು

ಎಂಎ ಪ್ರಾಜೆಕ್ಟಿಗೆ ಸಂಗೀತ ಪತ್ರಿಕೆಯ ಮಾದರಿ ಸಂಚಿಕೆ ಮಾಡ್ಬೇಕು, ಸಮೀಕ್ಷೆಯಲ್ಲಿ ಏನು ಕೇಳಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ನನ್ನ ಮೊದಲ ಫಾರಂ ದಂಡ. ‘ಸಂಗೀತ ಪತ್ರಿಕೆ ಕೊಳ್ಳುತ್ತೀರಾ?’ ಅಂದ್ರೆ ಎಲ್ರೂ ‘ಆಗಾಗ’ ಅಂತ ಟಿಕ್ ಹಾಕಿದ್ರು. ಇಲ್ಲಿ ಒಬ್ಬರು ಹೇಳಿದ ಹಾಗೆ ‘ಕೊನೇ ಸಲ ಕೊಂಡಿದ್ದು ಯಾವಾಗ, ಯಾವ ಪತ್ರಿಕೆ, ಎಷ್ಟು ಕೊಟ್ರಿ?’ ಅಂತ ಬದಲಾಯಿಸಿದೆ. ಅದೇ ಜನ ತಲೆ ಕೆರೆದುಕೊಂಡ್ರು! ಗೆಳೆಯರಿಗೆ ಮಾತ್ರ ಲಿಂಕ್ ಕಳಿಸಿದ್ದೂ ತಪ್ಪೇ. ಎಲ್ರೂ ನನ್ನ ವಯಸ್ಸಿನವರು, ಇಯರ್‌ಫೋನ್ ಗಿರಾಕಿಗಳು.

ಹಾಗಾಗಿ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ ಕಚೇರಿಗೆ ಪ್ಯಾಡ್ ಹಿಡಿದು ಹೋದೆ. ಒಬ್ಬ ಅಜ್ಜ ಚೀಲದಿಂದ ‘ಶ್ರುತಿ’ ಪತ್ರಿಕೆಯ ಹಳೇ ಸಂಚಿಕೆ ತೆಗೆದ್ರು. 1983ರಲ್ಲಿ ಚೆನ್ನೈಯಲ್ಲಿ ಶುರುವಾದ ಇಂಗ್ಲಿಷ್ ಪತ್ರಿಕೆ ಅದು. ಅಂಚಿನಲ್ಲೆಲ್ಲಾ ಪೆನ್ಸಿಲ್‌ನಲ್ಲಿ ರಾಗದ ಹೆಸರು. “ವಿಮರ್ಶೆ ಓದಿ ಜಗಳ ಆಡೋಕೆ ಕೊಳ್ತೀನಪ್ಪ, ಹಾಡು ಯೂಟ್ಯೂಬಲ್ಲೇ ಕೇಳೋದು” ಅಂದ್ರು. ನನ್ನ ಫಾರಂನಲ್ಲಿ ಈ ಉತ್ತರಕ್ಕೆ ಖಾನೆಯೇ ಇರಲಿಲ್ಲ.

ಹೊಸ ಹಾಡಿನ ಸುದ್ದಿಗೆ ಯಾರೂ ಪತ್ರಿಕೆ ಕಾಯಲ್ಲ. ಬ್ರಿಟನ್ನಿನ ಎನ್‌ಎಂಇ ಅನ್ನೋ ಸಂಗೀತ ವಾರಪತ್ರಿಕೆ 2015ರಲ್ಲಿ ಪುಕ್ಕಟೆ ಹಂಚೋಕೆ ಶುರು ಮಾಡಿದ್ರೂ 2018ರಲ್ಲಿ ವಾರದ ಮುದ್ರಣ ನಿಲ್ಲಿಸ್ತು. ನನ್ನ ಸಂಚಿಕೆಯಿಂದ ‘ಹೊಸ ಬಿಡುಗಡೆ’ ಪುಟ ಕಿತ್ತುಹಾಕಿ, ಕಚೇರಿ ವಿಮರ್ಶೆಗೆ ಆರು ಪುಟ ಕೊಟ್ಟಿದ್ದೀನಿ. ಗೈಡ್ ಮೇಡಂ ಇನ್ನೂ ನೋಡಿಲ್ಲ, ಸೋಮವಾರ ತೋರಿಸ್ತೀನಿ.